ಒಕ್ಕಲುತನದ ಮನೆತನದ ಮೂಲ: ಹೆಸರು ಬಿಡಿ, ಹೊಲದ ನಂಬರು ಹಿಡಿಯಿರಿ

ಧಾರವಾಡ, ಗದಗ, ಹಾವೇರಿ ಕಡೆ ವಂಶಾವಳಿ ತೆಗೆಯಲು ಕುಳಿತವರು ಮೊದಲು ಅಡ್ಡಹೆಸರಿನ ಬೆನ್ನು ಹತ್ತುತ್ತಾರೆ. ದಾರಿ ತಪ್ಪುವುದು ಅಲ್ಲೇ. ಅಣ್ಣಿಗೇರಿ ಬಿಟ್ಟು ಬಂದವನು ಹೊಸ ಊರಲ್ಲಿ ‘ಅಣ್ಣಿಗೇರಿ’ ಆಗುತ್ತಾನೆ. ಅಲ್ಲೇ ಉಳಿದ ಅವನ ತಮ್ಮ ಬೇರೇನೋ ಆಗಿರುತ್ತಾನೆ. ಮೇಲೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಬೇರೆ. ಬಸಪ್ಪನ ಮಗ ಯಲ್ಲಪ್ಪ, ಯಲ್ಲಪ್ಪನ ಮಗ ಬಸಪ್ಪ; ಇಬ್ಬರು ಬಸಪ್ಪರನ್ನು ಒಬ್ಬನೆಂದು ತಿಳಿದರೆ ಎರಡು ತಲೆಮಾರು ಮಾಯ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ರಿ.ಸ.ನಂ. (ರಿವಿಜನ್ ಸರ್ವೆ ನಂಬರು) ಹಿಡಿದು ಹಿಂದಕ್ಕೆ ನಡೆಯಿರಿ.

ಇವತ್ತಿನ ಉತಾರದ (ಪಹಣಿಯ) 9ನೇ ಕಾಲಂನಲ್ಲಿ ಹೊಲದ ಮಾಲೀಕನ ಹೆಸರು, 10ರಲ್ಲಿ ಆ ಹೆಸರು ಏರಿದ ರೀತಿ ಮತ್ತು ವರ್ದಿ (ಹಕ್ಕು ಬದಲಾವಣೆಯ ದಾಖಲೆ) ನಂಬರು ಇರುತ್ತವೆ. ‘ಭೂಮಿ’ ಕಂಪ್ಯೂಟರ್ ಬಂದದ್ದು 2000ರ ಆಸುಪಾಸು. ಅದಕ್ಕೂ ಹಿಂದಿನ ಕೈಬರಹದ ಉತಾರ, ವರ್ದಿಗಳ ನಕಲಿಗೆ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಊರು, ರಿ.ಸ.ನಂ., ಹಿಸ್ಸಾ (ಪಾಲಿನ ನಂಬರು), ವರ್ದಿ ನಂಬರು, ಅಂದಾಜು ವರ್ಷ ಎಲ್ಲ ಬರೆಯಿರಿ. ಒಂದು ಬಿಟ್ಟರೂ ‘ಲಭ್ಯವಿಲ್ಲ’ ಎಂಬ ಹಿಂಬರಹ ಕೈಗೆ ಬರುವ ಸಂಭವ ಹೆಚ್ಚು. ತಾಲೂಕೂ ಹಳೆಯದೇ ಇರಲಿ: ಅಣ್ಣಿಗೇರಿಗೆ ನವಲಗುಂದ, ಗಜೇಂದ್ರಗಡಕ್ಕೆ ರೋಣ, ರಟ್ಟೀಹಳ್ಳಿಗೆ ಹಿರೇಕೆರೂರ. 1997ರವರೆಗೆ ಮೂರೂ ಒಂದೇ ಧಾರವಾಡ ಜಿಲ್ಲೆ. ಆದರೆ ಸವಣೂರು ನವಾಬರದು, ಕುಂದಗೋಳ ಜಮಖಂಡಿಯದು, ಶಿರಹಟ್ಟಿ ಸಾಂಗ್ಲಿಯದು. ಆ ಊರುಗಳ ಸಂಸ್ಥಾನ ಕಾಲದ ಕಾಗದ ಬ್ರಿಟಿಷ್ ಜಿಲ್ಲೆಯ ದಫ್ತರಕ್ಕೆ ಸೇರಿದ್ದಲ್ಲ.

ವಾರಸಾ ವರ್ದಿ (ಸತ್ತವರ ಹೊಲ ವಾರಸುದಾರರ ಹೆಸರಿಗೆ ಏರಿದ್ದು) ಸಿಕ್ಕರೆ ಸಾವಕಾಶ ಓದಿ. ‘ಅ.ಪಾ.ಕ.’ ಅಂದರೆ ಅಜ್ಞಾನ ಪಾಲನಕರ್ತ. ವಾರಸುದಾರ ಇನ್ನೂ ಸಣ್ಣವ, ಜೊತೆಗಿರುವ ಹೆಸರು ತಾಯಿಯದೋ ಕಾಕಾನದೋ. ತಂದೆ ಎಂದು ಬರೆದುಕೊಂಡರೆ ಇಡೀ ಗಿಡ ಸೊಟ್ಟ. ‘ಏ.ಕು.ಮ್ಯಾ.’ ಏಕತ್ರ ಕುಟುಂಬದ ಮ್ಯಾನೇಜರ: ಹಿರಿಯನ ಹೆಸರಷ್ಟೇ ಏರಿದೆ, ತಮ್ಮಂದಿರು ಕಾಗದದಲ್ಲಿಲ್ಲ.

ಅವರನ್ನು ಲೆಕ್ಕ ಹಾಕಿಯೇ ಹುಡುಕಬೇಕು. ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದು 16 ಎಕರೆ 20 ಗುಂಟೆ ಇದ್ದ ನಂಬರು ವಾಟ್ನಿಯಾಗಿ (ಪಾಲಾಗಿ), ನಿಮಗೆ ಗೊತ್ತಿರುವ ಮೂವರಿಗೆ ತಲಾ 4 ಎಕರೆ 5 ಗುಂಟೆ ಬಂದಿದೆ ಅನ್ನಿ. ಇನ್ನೊಂದು 4 ಎಕರೆ 5 ಗುಂಟೆ ಎಲ್ಲಿ ಹೋಯಿತು? ಆ ನಾಲ್ಕನೇ ಹಿಸ್ಸೆಯ ಉತಾರ ತೆಗೆಸಿ. ಮಕ್ಕಳಿಲ್ಲದೆ ತೀರಿದ ಅಣ್ಣನ ಹೆಂಡತಿಯ ಹೆಸರೋ, ದತ್ತಕ ಮಗನದೋ ಅಲ್ಲಿರಬಹುದು. ಮನೆಯವರು ಮರೆತ ಕವಲು ಹೀಗೇ ಸಿಗುವುದು.

ಹೆಣ್ಣುಮಕ್ಕಳ ಕಡೆಯದು ಕಷ್ಟ. ಕ್ವಿಬೆಕ್‌ನ ಫ್ರೆಂಚ್ ರೈತರ ಚರ್ಚ್ ದಫ್ತರದಲ್ಲಿ ಹೆಂಡತಿಯ ತವರಿನ ಹೆಸರೇ ದಾಖಲಾಗುತ್ತಿತ್ತು; ನಮ್ಮಲ್ಲಿ ‘ಕೋಂ’ (ಇಂಥವನ ಹೆಂಡತಿ) ಬರೆದು ಗಂಡನ ಹೆಸರು ಹಾಕಿ ಮುಗಿಸಿದರು. ಸಬ್‌ರಜಿಸ್ಟ್ರಾರ್ ಕಚೇರಿಯ ಹಕ್ಕುಸೋಡ ಪತ್ರ ಹುಡುಕಿ. ತವರಿನ ಹೊಲ ಬಿಟ್ಟುಕೊಟ್ಟ ಅಕ್ಕತಂಗಿಯರು, ಅವರ ಗಂಡಂದಿರು, ಕೊಟ್ಟ ಊರು ಅದರಲ್ಲಿ ಇರುತ್ತವೆ.

ಹಿರಿಯರು ಲಾವಣಿ (ಗೇಣಿ) ಹೊಲ ಮಾಡುತ್ತಿದ್ದರೆ 1974ರ ನಂತರದ ಭೂ ನ್ಯಾಯಮಂಡಳಿಯ ಫಾರಂ 7ರ (ಗೇಣಿದಾರರ ಅರ್ಜಿಯ) ಕಡತ ಕೇಳಿ. ಗೌಡಕಿ, ವಾಲೀಕಾರಕಿ ವತನ (ವಂಶಪಾರಂಪರ್ಯದ ಊರ ಹುದ್ದೆ) ಇದ್ದ ಮನೆತನದವರು ಅದೃಷ್ಟವಂತರು. ವತನದ ಕಡತಗಳಲ್ಲಿ ವಂಶಾವಳಿಯೇ ಇರುತ್ತದೆ. ತೀರಾ ಹಳೆಯವು ಮೋಡಿ ಲಿಪಿಯಲ್ಲಿದ್ದರೆ (ಮರಾಠಿಯ ಹಳೆಯ ಕೂಡುಬರಹ) ಬಲ್ಲವರಿಂದ ಓದಿಸದೆ ಊಹಿಸಬೇಡಿ. ಶಾಲೆಯ ಜನರಲ್ ರಜಿಸ್ಟರ್ ತಂದೆಯ ಹೆಸರಿಗೆ ನಂಬಿಗಸ್ಥ, ಜನ್ಮದಿನಕ್ಕಲ್ಲ: ಜೂನ್ 1 ಎಂದಿದ್ದರೆ ಅದು ಮಾಸ್ತರರು ಕೊಟ್ಟ ಜನ್ಮದಿನ ಇದ್ದೀತು.

ಸುಗ್ಗಿ ಮುಗಿದ ಮೇಲೆ ಮನೆತನದ ವಂಶಾವಳಿ ಬರೆದಿಟ್ಟು ಹಾಡುವ ಹೆಳವರು ಬಂದರೆ ಕಾಳು ಕೊಟ್ಟು ಕಳಿಸಿಬಿಡಬೇಡಿ. ಹಾಡಿ ಹೊಗಳುವುದನ್ನು ಮೊಬೈಲಿನಲ್ಲಿ ಹಿಡಿಯಿರಿ, ಆಮೇಲೆ ಪುಸ್ತಕ ತೆರೆಸಿ ಒಂದೊಂದೇ ಹೆಸರು ಓದಿಸಿ. ಬೆಡಗು (ಕುಲದ ಒಳಗುಂಪು), ಮನೆದೇವರು, ಬಿಟ್ಟು ಬಂದ ಊರು ಕೇಳಿ. ಈಚಿನ ಮೂರು ತಲೆಮಾರು ನಿಮ್ಮ ವರ್ದಿಗೆ ತಾಳೆಯಾದರೆ ಅದರ ಹಿಂದಿನ ಹೆಸರುಗಳನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು. ಬಿಟ್ಟು ಬಂದ ಊರಿನ ಉತಾರದಲ್ಲಿ ಕಂಡ ಮೇಲೆ ಶಾಯಿ.