ಆ್ಯಂಟಿಬಯಾಟಿಕ್ ಸೂಜಿ ನಡೆಯುವಾಗ ಮೂತ್ರಪಿಂಡದ ಮೇಲೆ ಕಣ್ಣಿಡುವುದು ಹೇಗೆ?

ಮನೆಯವರೊಬ್ಬರು ದಾವಣಗೆರೆಯ ಯಾವುದಾದರೂ ಆಸ್ಪತ್ರೆಯಲ್ಲಿ ದಾಖಲಾಗಿದ್ದು, ಅವರಿಗೆ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಆ್ಯಂಟಿಬಯಾಟಿಕ್‌ಗಳಾದ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಸೂಜಿ ಆರಂಭವಾಗುತ್ತಿದ್ದರೆ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪರೀಕ್ಷೆಗೆ ಕೊಟ್ಟಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಸೋಂಕು ತೀವ್ರವಾಗಿದ್ದಾಗ ವರದಿಗಾಗಿ ಕಾದು ಸೂಜಿಯನ್ನು ತಡಮಾಡುವಂತಿಲ್ಲ. ಆದರೆ ಆರಂಭದ ಅಂಕಿ ಕೈಯಲ್ಲಿಲ್ಲದಿದ್ದರೆ ಮುಂದಿನ ಏರಿಕೆಯನ್ನು ಅಳೆಯುವುದು ಕಷ್ಟ.

ಎರಡನೆಯದಾಗಿ, ರೋಗಿ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ವೈದ್ಯರ ಮುಂದಿಡಿ. ಮೆಕ್ಕೆಜೋಳದ ಹೊಲದಲ್ಲಿ ಬಗ್ಗಿ ದುಡಿದವರ ಚೀಲದಲ್ಲಿ ಸೊಂಟನೋವಿನ ಡೈಕ್ಲೋಫಿನಾಕ್ ಇದ್ದೇ ಇರುತ್ತದೆ, ಅದನ್ನು ಔಷಧಿಯೆಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ನೀರಿನಂಶ ಬತ್ತಿದ ದೇಹಕ್ಕೆ ಈ ಗುಳಿಗೆ ಮತ್ತು ಆ ಸೂಜಿ ಒಟ್ಟಿಗೆ ಬಿದ್ದರೆ ಅಪಾಯ ಹೆಚ್ಚು. ಬಿಪಿ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಜೆಂಟಾಮೈಸಿನ್, ಅಮಿಕಾಸಿನ್ ಔಷಧಿಗಳು ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳ ಜೀವಕೋಶಗಳಲ್ಲಿ ಶೇಖರವಾಗುತ್ತ ಹೋಗುವುದರಿಂದ ಹಾನಿ ಸಾಮಾನ್ಯವಾಗಿ 5ರಿಂದ 7 ದಿನಗಳ ಚಿಕಿತ್ಸೆಯ ನಂತರ ಗೋಚರಿಸುತ್ತದೆ. ‘ಮೂತ್ರ ಚೆನ್ನಾಗಿ ಹೋಗುತ್ತಿದೆ, ಇನ್ನೇನು ತೊಂದರೆ’ ಎಂದು ನಿಶ್ಚಿಂತರಾಗುವುದೇ ಇಲ್ಲಿನ ದೊಡ್ಡ ಎಡವಟ್ಟು, ಏಕೆಂದರೆ ಈ ಬಗೆಯ ಹಾನಿಯಲ್ಲಿ ಮೂತ್ರದ ಪ್ರಮಾಣ ಬಹುಪಾಲು ಕಡಿಮೆಯಾಗುವುದೇ ಇಲ್ಲ. ಕ್ರಿಯಾಟಿನಿನ್ 48 ಗಂಟೆಗಳೊಳಗೆ 0.3 ಮಿಲಿಗ್ರಾಂನಷ್ಟು (ಪ್ರತಿ ಡೆಸಿಲೀಟರಿಗೆ) ಏರಿದರೂ ಅದು ಗಮನಿಸಬೇಕಾದ ಏರಿಕೆ.

ನಳಿಕೆಗಳು ಸೊರಗಿದಾಗ ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೂತ್ರದಲ್ಲಿ ಸೋರಿಹೋಗಬಹುದು. ಮೀನಖಂಡ ಹಿಡಿದುಕೊಳ್ಳುವುದು, ಬಾಯಿಯ ಸುತ್ತ ಜುಮುಗುಡುವುದು, ಎದೆ ಡವಗುಟ್ಟುವುದು, ಎದ್ದು ನಿಲ್ಲಲಾಗದಷ್ಟು ನಿತ್ರಾಣ ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಿ. ಮಾಮೂಲಿ ಎಲೆಕ್ಟ್ರೋಲೈಟ್ (ರಕ್ತದ ಲವಣಾಂಶಗಳ) ಪರೀಕ್ಷೆಯಲ್ಲಿ ಮೆಗ್ನೀಸಿಯಂ ಹೆಚ್ಚಾಗಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿ ಬರೆಸಬೇಕಾಗುತ್ತದೆ. ಅದು ಕಡಿಮೆಯಿದ್ದಷ್ಟು ದಿನ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ದೇಹದಲ್ಲಿ ನಿಲ್ಲದು.

ನೋಡಲು ಬಂದವರೆಲ್ಲ ಎಳನೀರು ಹಿಡಿದುಕೊಂಡೇ ಬರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು, ಮೂತ್ರಪಿಂಡ ನಿಜಕ್ಕೂ ಸೋತಿದ್ದರೆ ಅದು ಮೂತ್ರದಲ್ಲಿ ಹೊರಹೋಗದೆ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಆದ್ದರಿಂದ ವರದಿ ನೋಡಿದ ವೈದ್ಯರು ಒಪ್ಪುವವರೆಗೆ ಎಳನೀರನ್ನು ಪಕ್ಕಕ್ಕಿಡಿ.

ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಅಥವಾ ತಲೆಸುತ್ತು ಶುರುವಾದರೆ ಅದನ್ನೂ ಅಂದೇ ಹೇಳಬೇಕು. ಮೂತ್ರಪಿಂಡ ಬಹುತೇಕ ಚೇತರಿಸಿಕೊಳ್ಳುತ್ತದೆ, ಇದೇ ಔಷಧಿಯಿಂದ ಹೋದ ಶ್ರವಣಶಕ್ತಿ ಮರಳದೇ ಇರಬಹುದು. ಸೂಜಿ ಮುಗಿದ ಮೇಲೂ ಕ್ರಿಯಾಟಿನಿನ್ ಏರುವುದುಂಟು. ಹಾಗಾಗಿ ಮನೆಗೆ ಹೊರಡುವ ಮುನ್ನ ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.