ಪಕ್ಕದ ಮನೆ ಮಗುವಿಗೆ ದಿನಾ ಏಟು ಬೀಳುತ್ತಿದೆಯಾ? ಹೀಗೆ ಮಾಡಿ

ಮೊದಲು ಕಣ್ಣಿಟ್ಟು ನೋಡಿ. ಆಡುವಾಗ ಬಿದ್ದ ಮಗುವಿಗೆ ಸಾಮಾನ್ಯವಾಗಿ ಮೊಣಕಾಲು, ಮೊಣಕೈ ತರಚಿರುತ್ತದೆ. ಬೆನ್ನು, ತೊಡೆ, ಕಿವಿಯ ಮೇಲೆ ಬಾಸುಂಡೆ ಇದ್ದರೆ, ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಬಂದರೆ ಅನುಮಾನ ಪಡಿ.

ಮಗು ತಾನಾಗಿ ಬಾಯಿಬಿಟ್ಟರೆ ಸುಮ್ನೆ ಕೇಳಿಸಿಕೊಳ್ಳಿ, ಕೆದಕಬೇಡಿ. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡಬೇಡಿ. ನೇರ ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡರೆ ಆ ಸಿಟ್ಟೂ ರಾತ್ರಿ ಮಗುವಿನ ಮೇಲೇ ತೀರಬಹುದು.

ಆಮೇಲೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ. ಪ್ರಾಣಕ್ಕೇ ಅಪಾಯ ಅನಿಸಿದರೆ 112. ಲೈಂಗಿಕ ದೌರ್ಜನ್ಯವಾದರೆ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಮಗುವಿನ ಫೋಟೊ, ಹೆಸರು ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ, ಅದಕ್ಕೂ ಶಿಕ್ಷೆ ಇದೆ.

ಸಹಾಯವಾಣಿಯವರೋ ಪೊಲೀಸರೋ ಮಗುವನ್ನು ಮನೆಯಿಂದ ಹೊರತಂದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರು ಕೂತು ಅಜ್ಜಿ ಮನೆಯೋ ಬಾಲಮಂದಿರವೋ (ಇಂಥ ಮಕ್ಕಳನ್ನು ಇರಿಸಿಕೊಂಡು ನೋಡಿಕೊಳ್ಳುವ ವಸತಿಗೃಹ) ಎಂದು ತೀರ್ಮಾನಿಸುತ್ತಾರೆ.

ಬಾಲಮಂದಿರ ಎಂದ ಕೂಡಲೇ ಮೂಗು ಮುರಿಯುವವರು ಬಹಳ. 'ಎಷ್ಟೇ ಆದ್ರೂ ಹೆತ್ತವರು ಅಲ್ವಾ?' ಸರಿ, ಎಲ್ಲಾ ಬಾಲಮಂದಿರಗಳೂ ಚೆನ್ನಾಗಿಲ್ಲ. ಆದರೆ ಅಪ್ಪನ ಬೈಕ್ ಸದ್ದು ಕೇಳಿದ ಕೂಡಲೇ ತಟ್ಟೆ ಬಿಟ್ಟು ಮಂಚದ ಕೆಳಗೆ ಸೇರುವ ಮಗುವಿಗೆ ಆ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು? ಸದಾ ಹೆದರಿಕೆಯಲ್ಲೇ ಇದ್ದರೆ ಒತ್ತಡದ ಹಾರ್ಮೋನು ಇಳಿಯುವುದೇ ಇಲ್ಲ, ನಿದ್ದೆ ಕೆಡುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಆಮೇಲೆ ಅದೇ ಮಗುವಿಗೆ 'ದಡ್ಡ' ಅಂತ ಶಾಲೆಯಲ್ಲೂ ಬೈಗುಳ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದ್ದರು. ಚಿಕ್ಕಂದಿನಲ್ಲಿ ಹಿಂಸೆ, ನೋವು ಜಾಸ್ತಿ ಕಂಡವರಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯೆಯ ಯತ್ನ ಅಷ್ಟೇ ಅಲ್ಲ, ಹೃದಯದ ಕಾಯಿಲೆಯೂ ಜಾಸ್ತಿ ಇತ್ತು.

ಹಾಗಾಗಿ ಬಾಲಮಂದಿರದಲ್ಲಿ ಬರೀ ಊಟ, ಹಾಸಿಗೆ ಇದ್ದರೆ ಸಾಲದು. ಆಪ್ತ ಸಮಾಲೋಚಕರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮಗು ಶಾಲೆಗೆ ಹೋಗುತ್ತಿದೆಯಾ ಎಂದು ನೆಂಟರಾದವರು ಸಮಿತಿಯನ್ನು ವಿಚಾರಿಸುತ್ತಿರಿ. 18 ತುಂಬಿ ಹೊರಬರುವವರಿಗೆ 21ರವರೆಗೆ ಆಸರೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಹುಟ್ಟುಹಬ್ಬ ಹತ್ತಿರ ಬರುವ ಮುಂಚೆಯೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅದರ ಬಗ್ಗೆ ಕೇಳಿ.