ಕಾಫಿಪುಡಿ ವ್ಯಾಪಾರಕ್ಕೆ ಎಲ್‌ಎಲ್‌ಪಿ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾಡುವವನಿಗೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಯಾಕೆ ಬೇಕು ಅಂತ ಕೇಳದವರೇ ಇರಲಿಲ್ಲ. ಮೂರು ವರ್ಷ ಆಯ್ತು. ಈಗ ಅದೇ ಜನ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಶುರು ಮಾಡಿದ್ದು ಭಾವನ ಜೊತೆ. ಐದು ಕೆಜಿ ಡ್ರಮ್ ರೋಸ್ಟರ್, ಒಂದು ಗ್ರೈಂಡರ್, ಅರ್ಧರ್ಧ ಬಂಡವಾಳ. ಸ್ಟಾಂಪ್ ಪೇಪರ್ ಮೇಲೆ ಪಾಲುದಾರಿಕೆ ಪತ್ರ ಬರೆಸಿದೆವು, ನೋಂದಣಿ ಮಾಡಿಸಲಿಲ್ಲ. ಕಡ್ಡಾಯ ಅಲ್ಲವಲ್ಲ, ಸುಮ್ನೆ ಯಾಕೆ ಓಡಾಟ ಅಂದುಕೊಂಡೆವು. ಎರಡನೇ ವರ್ಷ ಬೆಂಗಳೂರಿನ ಹೋಟೆಲೊಂದು ಸುಮಾರು 2.8 ಲಕ್ಷ ಬಾಕಿ ಉಳಿಸಿಕೊಂಡಿತು. ಬಿಲ್ಲುಗಳ ಕಟ್ಟು ಹಿಡಿದು ವಕೀಲರ ಹತ್ತಿರ ಹೋದೆ. ಅವರು ಬಿಲ್ ಮುಟ್ಟಲೇ ಇಲ್ಲ. ಪತ್ರ ತಿರುಗಿಸಿ ನೋಡಿ, "ಇದು ರಿಜಿಸ್ಟರ್ ಆಗಿದೆಯಾ?" ಅಂದರು. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಫರ್ಮ್ ಇಂಥ ಬಾಕಿಗೆ ದಾವೆ ಹಾಕುವ ಹಾಗಿಲ್ಲ. ಮೊದಲು ನೋಂದಣಿ, ಆಮೇಲೆ ದಾವೆ. ನೋಂದಣಿಗೆ ಎಲ್ಲ ಪಾಲುದಾರರ ಸಹಿ ಬೇಕು. ಅಷ್ಟರಲ್ಲಿ ಭಾವನಿಗೂ ನನಗೂ ಮಾತು ನಿಂತಿತ್ತು. "ಭಾವ, ಒಂದು ಸಹಿ ಹಾಕಿ" ಅಂತ ಮೂರು ಸಲ ಅವರ ಮನೆಗೆ ಹೋದೆ. ಅಕ್ಕ ಕಾಫಿ ಕೊಟ್ಟಳು, ಭಾವ ಹೊರಗೇ ಬರಲಿಲ್ಲ. ದಾವೆಗಿದ್ದ ಮೂರು ವರ್ಷದ ಗಡುವು ಹಾಗೇ ದಾಟಿತು. ಆ ದುಡ್ಡು ಹೋಯ್ತು.

ಆಮೇಲೆ ಒಬ್ಬನೇ ಪ್ರೊಪ್ರೈಟರ್ ಆಗಿ ನಡೆಸಿದೆ. ಚೆನ್ನಾಗೇ ನಡೆಯಿತು. ಆದರೆ 15 ಕೆಜಿ ರೋಸ್ಟರ್‌ಗೆ ದುಡ್ಡು ಬೇಕಿತ್ತು. ಆಲ್ದೂರು ಕಡೆಯ ಗೆಳೆಯ 6 ಲಕ್ಷ ಹಾಕುತ್ತೇನೆ ಅಂದ. ಒಂದೇ ಷರತ್ತು, ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ಅವನ ತೋಟಕ್ಕೆ ಬರಬಾರದು. ನ್ಯಾಯವಾದ ಮಾತು. ಸಾಮಾನ್ಯ ಪಾಲುದಾರಿಕೆಯಲ್ಲಿ ಆ ರಕ್ಷಣೆ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲೂ ಎಲ್‌ಎಲ್‌ಪಿಯಲ್ಲೂ ಇದೆ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ ಆಡಿಟ್ ಆಗಲೇಬೇಕು, ವರ್ಷಕ್ಕೆ 30 ಸಾವಿರದ ಹತ್ತಿರ ಖರ್ಚು ಹೇಳಿದರು. ಎಲ್‌ಎಲ್‌ಪಿಯಲ್ಲಿ ವಹಿವಾಟು 40 ಲಕ್ಷದೊಳಗೆ, ಬಂಡವಾಳ 25 ಲಕ್ಷದೊಳಗೆ ಇದ್ದರೆ ಆ ಆಡಿಟ್ ಬೇಡ. ಬ್ಯಾಂಕ್ ಸಾಲಕ್ಕೆ ಮಾತ್ರ ಸ್ವಂತ ಜಾಮೀನು ಕೇಳಿಯೇ ಕೇಳುತ್ತಾರೆ. ಹಾಗಾಗಿ ಸಾಲದ ಕಡೆ ನಾವು ಹೋಗಲೇ ಇಲ್ಲ.

"ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ, 44ಎಡಿ ಅನುಕೂಲವೂ ಇಲ್ಲ, ತಲೆ ಕೆಟ್ಟಿದೆಯಾ?" ಅಂದರು ಗೊತ್ತಿದ್ದ ಲೆಕ್ಕಪತ್ರದವರು. ಎರಡೂ ನಿಜ (44ಎಡಿ ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಒಂದು ಪಾಲನ್ನೇ ಲಾಭ ಅಂತ ತೋರಿಸಿ ತೆರಿಗೆ ಕಟ್ಟುವ ಸುಲಭ ದಾರಿ). ಆದರೆ ದುಡಿಯುವ ಪಾಲುದಾರರ ಸಂಬಳ ಕಳೆದ ಮೇಲೆ ತಾನೆ ತೆರಿಗೆ? ಲಾಭದ ಮೊದಲ 6 ಲಕ್ಷದಲ್ಲಿ ಶೇ 90, ಉಳಿದದ್ದರಲ್ಲಿ ಶೇ 60ರವರೆಗೆ ಸಂಬಳ ತೋರಿಸಬಹುದು. ಮೊದಲು ಆ 6 ಲಕ್ಷ 3 ಲಕ್ಷವೇ ಇತ್ತು. ಗೆಳೆಯ ಬೀಜ ಆರಿಸುತ್ತಾನೆ, ನಾನು ಹುರಿಯುತ್ತೇನೆ, ಇಬ್ಬರೂ ದುಡಿಯುವವರೇ. ಕಳೆದ ವರ್ಷ ಲಾಭ 7 ಲಕ್ಷದ ಆಸುಪಾಸು, ಸಂಬಳ 6 ಲಕ್ಷ. ಮಿಕ್ಕ 1 ಲಕ್ಷಕ್ಕೆ ಸೆಸ್ ಸೇರಿ ಕಟ್ಟಿದ್ದು ಸುಮಾರು 31 ಸಾವಿರ. ಸಂಬಳದ ಮಾತು ಎಲ್‌ಎಲ್‌ಪಿ ಒಪ್ಪಂದದಲ್ಲೇ ಇರಬೇಕು, ಆಮೇಲೆ ಸೇರಿಸಿ ಹಿಂದಿನ ತಿಂಗಳುಗಳಿಗೆ ಅನ್ವಯಿಸಲು ಬರುವುದಿಲ್ಲ.

ನಾನು ಪೆಟ್ಟು ತಿಂದದ್ದು ಪೌಚ್‌ನಲ್ಲಿ. ಎಲ್‌ಎಲ್‌ಪಿ ಅಂದರೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ, ಹೊಸ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್. ಹಳೇ ನಂಬರ್ ಅಚ್ಚಾಗಿದ್ದ ಮೂರೂವರೆ ಸಾವಿರ ಪೌಚ್ ಅಟ್ಟದ ಮೇಲೆ ಕೂತವು. 19 ಸಾವಿರ ನೀರಿಗೆ ಹೋಯ್ತು.

ಬ್ರ್ಯಾಂಡ್ ಹೆಸರನ್ನು ಎಲ್‌ಎಲ್‌ಪಿಗೆ ಕೊಡಲಿಲ್ಲ. ಟ್ರೇಡ್‌ಮಾರ್ಕ್ ನನ್ನ ಹೆಸರಲ್ಲೇ ಇದೆ, ಆನ್‌ಲೈನ್ ಶುಲ್ಕ 4,500. ಅದನ್ನು ಬಳಸುವ ಹಕ್ಕನ್ನೂ, ಒಬ್ಬರು ಬಿಟ್ಟು ಹೋಗುವಾಗ ಪಾಲಿನ ಬೆಲೆ ಕಟ್ಟುವುದನ್ನೂ ಒಪ್ಪಂದದ ಎರಡು ಪುಟದಲ್ಲಿ ನಾನೇ ಬರೆದೆ. ಆ ಎರಡು ಪುಟ ನನ್ನ ಹತ್ತಿರವೇ ಇರಲಿ.

ಹೋದ ವರ್ಷ ಹಾಸನದ ಕ್ಯಾಂಟೀನೊಂದು 74 ಸಾವಿರ ತಡೆಹಿಡಿಯಿತು. ಅದೇ ವಕೀಲರ ಹತ್ತಿರ ಹೋದೆ. ಈ ಸಲ ಕಾಗದ ನೋಡಿ ಏನೂ ಕೇಳಲಿಲ್ಲ, ನೋಟಿಸ್ ಟೈಪ್ ಮಾಡಿಸಿದರು. ಮೂರು ವಾರದಲ್ಲಿ ಎರಡು ಕಂತಿನಲ್ಲಿ ಪೂರ್ತಿ ದುಡ್ಡು ಬಂತು.